ಹೃದಯದೊಡನೆ ಸ್ವಭಾವವೂ ಬರುವುದೆ?

ಕಲ್ಲೆದೆ, ಎದೆಗಾರಿಕೆ, ಹೃದಯವಂತಿಕೆ ಎಂದು ನಮ್ಮ ನುಡಿ ಮನುಷ್ಯನ ಗುಣಗಳನ್ನು ಎದೆಯಲ್ಲಿಯೇ ಇರಿಸಿದೆ. ಹಾಗಾದರೆ ಒಬ್ಬನ ಹೃದಯ ಇನ್ನೊಬ್ಬನಿಗೆ ಹೋದಾಗ ಗುಣವೂ ಹೋಗಬೇಡವೆ? ತಲೆಗಳು ಅದಲುಬದಲಾಗುವ ಕಾರ್ನಾಡರ ‘ಹಯವದನ’ವನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ನನ್ನನ್ನು ಹೀಗೆ ಕೇಳುವುದುಂಟು. ಉತ್ತರವಾಗಿ ನಾನು ದಕ್ಷಿಣ ಆಫ್ರಿಕಾದ ಚರಿತ್ರೆಯನ್ನು ಹೇಳುತ್ತೇನೆ.

ಕ್ರಿಶ್ಚಿಯನ್ ಬರ್ನಾರ್ಡರು ಮನುಷ್ಯನ ಹೃದಯವನ್ನು ಮನುಷ್ಯನಿಗೆ ಮೊತ್ತಮೊದಲು ಜೋಡಿಸಿದ್ದು 1967ರ ಡಿಸೆಂಬರ್ 3ರಂದು, ಕೇಪ್‌ಟೌನಿನಲ್ಲಿ. ಆ ರೋಗಿ ಬದುಕಿದ್ದು 18 ದಿನ. 1968ರ ಜನವರಿ 2ರಂದು ದಂತವೈದ್ಯ ಫಿಲಿಪ್ ಬ್ಲೈಬರ್ಗರ ಸರದಿ. ಅವರು ಬಿಳಿಯರು, ತೀರಿಕೊಂಡು ಹೃದಯವಿತ್ತ ತರುಣ ಅಂದಿನ ಕಾನೂನಿನಂತೆ ಮಿಶ್ರವರ್ಣದವನು. ಒಂದೇ ಬಡಾವಣೆಯಲ್ಲಿ ಇಬ್ಬರೂ ಮನೆಮಾಡಲು ಆ ಕಾನೂನು ಒಪ್ಪುತ್ತಿರಲಿಲ್ಲ! ಬ್ಲೈಬರ್ಗರು 19 ತಿಂಗಳು ಬಾಳಿದರು, ತಮ್ಮ ಅನುಭವವನ್ನು ಪುಸ್ತಕವಾಗಿಯೂ ಬರೆದರು.

1992ರಲ್ಲಿ ವಿಯೆನ್ನಾದ ವೈದ್ಯರು ಹೃದಯ ಪಡೆದ 47 ಮಂದಿಯನ್ನು ವಿಚಾರಿಸಿದ ವರದಿ ಪ್ರಕಟವಾಯಿತು. ನೂರಕ್ಕೆ 79ರಷ್ಟು ಜನ ತಮ್ಮ ಸ್ವಭಾವ ಬದಲಾಗಿಲ್ಲವೆಂದರು. ಹೊಸ ಹೃದಯದಿಂದಲೇ ಬದಲಾದೆವೆಂದವರು ಮೂವರು. ಹೃದಯವನ್ನು ತೆಗೆಯುವಾಗ ಮೆದುಳಿನೊಡನೆ ಅದರ ನರಸಂಬಂಧ ಕಡಿದುಹೋಗುತ್ತದೆ. ಹೊಸ ಎದೆಯಲ್ಲಿ ಅದು ತನ್ನಷ್ಟಕ್ಕೆ ತಾನೇ ಮಿಡಿಯುತ್ತದೆ. ಸಾವಿನ ಬಾಗಿಲಿನಿಂದ ಮರಳಿದವನ ಮನಸ್ಸು ಬೇರೆಯಾಗುವುದು ಸಹಜ. ಸ್ಟೀರಾಯ್ಡ್ ಔಷಧಗಳೂ ಮನಸ್ಸನ್ನು ಕಲಕಬಲ್ಲವು. ಇದಕ್ಕೆಲ್ಲ ದಾನಿಯ ಗುಣವನ್ನು ಹೊಣೆಮಾಡಬೇಕಾಗಿಲ್ಲ.

‘ಯಾರದೋ, ಎಂಥವರದೋ’ ಎಂದು ಅಂಗದಾನಕ್ಕೆ ಹಿಂಜರಿಯುವವರು ನಮ್ಮಲ್ಲಿಯೂ ಇದ್ದಾರೆ. ಅವರು ಬ್ಲೈಬರ್ಗರನ್ನು ನೆನೆಯಲಿ. ಆ ತರುಣನಿಂದ ಅವರಿಗೆ ಬಂದದ್ದು 19 ತಿಂಗಳ ಆಯುಷ್ಯ. ಅದಕ್ಕೆ ಯಾವ ವರ್ಣವೂ ಇರಲಿಲ್ಲ.