ಅನಬ್ಯಾಪ್ಟಿಸ್ಟರು ಅನುಭವಿಸಿದ ಹಿಂಸೆ: ನಾವು ತಿಳಿದಿರಬೇಕಾದ ಚರಿತ್ರೆ

ರಕ್ತಸಾಕ್ಷಿಗಳು ಎಂದೊಡನೆ ನಮಗೆ ನೆನಪಾಗುವುದು ರೋಮ್ ಚಕ್ರವರ್ತಿಗಳ ಕಾಲ. ಆದರೆ ಕ್ರೈಸ್ತರೇ ಕ್ರೈಸ್ತರನ್ನು ವಿಶ್ವಾಸದ ಕಾರಣಕ್ಕಾಗಿ ಕೊಂದ ಕಾಲವೂ ಇತ್ತು. 16ನೇ ಶತಮಾನದ ಯುರೋಪಿನಲ್ಲಿ ಅನಬ್ಯಾಪ್ಟಿಸ್ಟರನ್ನು ಕಥೋಲಿಕ ಅರಸರೂ ಪ್ರೊಟೆಸ್ಟಂಟ್ ಅಧಿಕಾರಿಗಳೂ ಹಿಂಸಿಸಿದರು. ಈ ಚರಿತ್ರೆಯಲ್ಲಿ ನಮ್ಮ ಪಾಲೂ ಇರುವುದರಿಂದ ಇದನ್ನು ತಿಳಿದಿರುವುದು ಅಗತ್ಯ.

ಯಾರಿವರು?

'ಅನಬ್ಯಾಪ್ಟಿಸ್ಟ್' ಎಂದರೆ ಮತ್ತೊಮ್ಮೆ ಜ್ಞಾನಸ್ನಾನ ಕೊಡುವವರು ಎಂದರ್ಥ. ಇದು ವಿರೋಧಿಗಳು ಇಟ್ಟ ಹೆಸರು. ಶಿಶುವಿಗೆ ಕೊಡುವ ಜ್ಞಾನಸ್ನಾನ ಜ್ಞಾನಸ್ನಾನವೇ ಅಲ್ಲ, ಸ್ವಂತ ವಿಶ್ವಾಸದಿಂದ ಕೇಳಿ ಪಡೆಯುವುದೇ ನಿಜವಾದುದು ಎಂಬುದು ಇವರ ನಂಬಿಕೆ. 1525ರ ಜನವರಿ 21ರಂದು ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ ಕಾನ್ರಾಡ್ ಗ್ರೆಬೆಲ್ ಎಂಬವರು ಮಾಜಿ ಗುರು ಜಾರ್ಜ್ ಬ್ಲೌರಾಕ್ ಅವರಿಗೆ ಜ್ಞಾನಸ್ನಾನ ನೀಡುವುದರೊಂದಿಗೆ ಈ ಚಳವಳಿ ಆರಂಭವಾಯಿತು. ಇವರಲ್ಲಿ ಹೆಚ್ಚಿನವರು ಆಯುಧ ಹಿಡಿಯುತ್ತಿರಲಿಲ್ಲ, ಆಣೆ ಇಡುತ್ತಿರಲಿಲ್ಲ.

ಅಷ್ಟು ದ್ವೇಷ ಏಕೆ?

ಆಗ ಶಿಶುವಿನ ಜ್ಞಾನಸ್ನಾನವೆಂದರೆ ಧರ್ಮಸಭೆಗೆ ಮಾತ್ರವಲ್ಲ, ಊರಿನ ಸಮಾಜಕ್ಕೂ ಸೇರ್ಪಡೆ. ಅದನ್ನು ನಿರಾಕರಿಸಿದವನು ರಾಜದ್ರೋಹಿಯಂತೆ ಕಂಡನು. ಆಣೆ ಇಡದವನನ್ನು, ಯುದ್ಧಕ್ಕೆ ಬಾರದವನನ್ನು ನಂಬುವುದು ಹೇಗೆಂದು ಅಧಿಕಾರಿಗಳು ಕೇಳಿದರು. 1524-25ರ ಜರ್ಮನ್ ರೈತರ ದಂಗೆಯ ಭಯವೂ ಅವರ ಮನಸ್ಸಿನಲ್ಲಿತ್ತು. 1529ರಲ್ಲಿ ಸ್ಪೈಯರ್ ನಗರದ ಸಾಮ್ರಾಜ್ಯ ಸಭೆಯು ಮರು ಜ್ಞಾನಸ್ನಾನಕ್ಕೆ ಮರಣದಂಡನೆ ವಿಧಿಸಿತು. ಇದಕ್ಕೆ ಪುರಾತನ ರೋಮನ್ ಕಾನೂನನ್ನು ಆಧಾರ ಮಾಡಿಕೊಂಡಿತು. ಬೇರೆಲ್ಲದರಲ್ಲೂ ಜಗಳವಾಡುತ್ತಿದ್ದ ಕಥೋಲಿಕ ಮತ್ತು ಲೂಥರನ್ ಅರಸರು ಇದರಲ್ಲಿ ಒಂದಾದರು.

ಪ್ರಾಣ ಕೊಟ್ಟವರು

ಫೆಲಿಕ್ಸ್ ಮಾನ್ಸ್: 1527ರ ಜನವರಿ 5ರಂದು ಜೂರಿಚಿನ ಪ್ರೊಟೆಸ್ಟಂಟ್ ನಗರ ಸಭೆಯು ಇವರನ್ನು ಕೈಕಾಲು ಬಿಗಿದು ಲಿಮ್ಮಾತ್ ನದಿಯಲ್ಲಿ ಮುಳುಗಿಸಿತು. ನೀರಿನಲ್ಲಿ ತಪ್ಪು ಮಾಡಿದವನಿಗೆ ನೀರೇ ಶಿಕ್ಷೆ ಎಂಬ ಕ್ರೂರ ಅಣಕ ಅದರಲ್ಲಿತ್ತು.

ಮೈಕೆಲ್ ಸಾಟ್ಲರ್: ಬೆನೆಡಿಕ್ಟಿನ್ ಮಠದಲ್ಲಿ ಹಿರಿಯ ಹೊಣೆ ಹೊತ್ತಿದ್ದವರು. ಮಠ ತೊರೆದು ಈ ಚಳವಳಿಯ ಮುಖಂಡರಾದರು. 1527ರ ಮೇ ತಿಂಗಳಲ್ಲಿ ಕಥೋಲಿಕ ಆಳ್ವಿಕೆಯ ರೊಟೆನ್‌ಬುರ್ಗ್‌ನಲ್ಲಿ ಚಿತ್ರಹಿಂಸೆ ಕೊಟ್ಟು ಅವರನ್ನು ಸುಟ್ಟರು. ಕೆಲವೇ ದಿನಗಳಲ್ಲಿ ಅವರ ಪತ್ನಿ ಮಾರ್ಗರೆಟಾ ಅವರನ್ನು ನದಿಯಲ್ಲಿ ಮುಳುಗಿಸಿದರು.

ಡಿರ್ಕ್ ವಿಲ್ಲೆಮ್ಸ್: ನೆದರ್ಲೆಂಡಿನ ಆಸ್ಪೆರೆನ್ ಊರಿನವರು. ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದಾಗ, ಬೆನ್ನಟ್ಟಿ ಬಂದವನ ಕಾಲಡಿಯ ಮಂಜುಗಡ್ಡೆ ಒಡೆಯಿತು. ವಿಲ್ಲೆಮ್ಸ್ ಹಿಂದಿರುಗಿ ಅವನನ್ನು ಮೇಲೆತ್ತಿ ಬದುಕಿಸಿದರು. ಆದರೂ ಅವರನ್ನು ಹಿಡಿದು 1569ರ ಮೇ 16ರಂದು ಸುಟ್ಟರು. ವೈರಿಯನ್ನು ಪ್ರೀತಿಸಿರಿ ಎಂಬ ಪ್ರಭುವಿನ ಮಾತನ್ನು ಪಾಲಿಸಿದ್ದಕ್ಕೆ ಅವರು ಕೊಟ್ಟ ಬೆಲೆ ಅದು.

ಆ ಶತಮಾನದಲ್ಲಿ ಹೀಗೆ ಕೊಲ್ಲಲ್ಪಟ್ಟವರು ಎರಡು ಸಾವಿರಕ್ಕೂ ಹೆಚ್ಚು ಎಂಬುದು ಚರಿತ್ರಕಾರರ ಅಂದಾಜು. ಅವರ ಕಥೆಗಳನ್ನು ತೀಲೆಮಾನ್ ಫಾನ್ ಬ್ರಾಹ್ಟ್ 1660ರಲ್ಲಿ 'ರಕ್ತಸಾಕ್ಷಿಗಳ ಕನ್ನಡಿ' ಎಂಬ ದೊಡ್ಡ ಗ್ರಂಥವಾಗಿ ಹೊರತಂದರು.

ಮ್ಯೂನ್‌ಸ್ಟರ್ ಘಟನೆ

ಎಲ್ಲರೂ ಶಾಂತಿಪ್ರಿಯರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ನಗರವನ್ನು ಒಂದು ಉಗ್ರ ಗುಂಪು ವಶಪಡಿಸಿಕೊಂಡು ಬಹುಪತ್ನಿತ್ವವನ್ನೂ ಜಾರಿಗೆ ತಂದಿತು. 1535ರಲ್ಲಿ ಬಿಷಪ್ ಫ್ರಾನ್ಸ್ ಫಾನ್ ವಾಲ್ಡೆಕ್ ಅವರ ಸೇನೆ ನಗರವನ್ನು ಮರಳಿ ಗೆದ್ದಿತು. ಮರುವರ್ಷ ಮೂವರು ಮುಖಂಡರನ್ನು ಕೊಂದು, ಶವಗಳನ್ನು ಕಬ್ಬಿಣದ ಪಂಜರಗಳಲ್ಲಿಟ್ಟು ಸಂತ ಲ್ಯಾಂಬರ್ಟ್ ಚರ್ಚಿನ ಗೋಪುರಕ್ಕೆ ತೂಗುಹಾಕಿದರು. ಆ ಪಂಜರಗಳು ಇಂದಿಗೂ ಅಲ್ಲಿವೆ. ಕೆಲವರ ತಪ್ಪಿಗೆ ನಿರಪರಾಧಿಗಳು ಬಹುಕಾಲ ಬೆಲೆ ತೆತ್ತರು. 1536ರಲ್ಲಿ ಗುರುಪಟ್ಟ ತೊರೆದ ಮೆನ್ನೋ ಸೈಮನ್ಸ್ ಚದುರಿದವರನ್ನು ಅಹಿಂಸೆಯ ದಾರಿಯಲ್ಲಿ ಒಗ್ಗೂಡಿಸಿದರು. ಇಂದಿನ ಮೆನ್ನೊನೈಟರು ಅವರ ಹೆಸರಿನವರೇ. ಭಾರತದಲ್ಲೂ ಅವರ ಸಭೆಗಳಿವೆ.

ಕ್ಷಮೆಯ ಹಾದಿ

1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಬಾರದೆಂದು ಸಾರಿತು. 2000ದ ಮಾರ್ಚ್ 12ರಂದು ಜಗದ್ಗುರು ದ್ವಿತೀಯ ಜಾನ್ ಪೌಲರು ಧರ್ಮಸಭೆಯ ಮಕ್ಕಳ ಹಿಂದಿನ ತಪ್ಪುಗಳಿಗಾಗಿ ದೇವರಲ್ಲಿ ಕ್ಷಮೆ ಬೇಡಿದರು. 1998ರಿಂದ 2003ರವರೆಗೆ ಕಥೋಲಿಕರೂ ಮೆನ್ನೊನೈಟರೂ ಸಂವಾದ ನಡೆಸಿ ಹಳೆಯ ಗಾಯಗಳನ್ನು ಒಟ್ಟಿಗೆ ಅವಲೋಕಿಸಿದರು. 2010ರಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಮೆನ್ನೊನೈಟರ ಕ್ಷಮೆ ಯಾಚಿಸಿತು. 2025ರಲ್ಲಿ ಜೂರಿಚಿನಲ್ಲಿ ನಡೆದ 500ನೇ ವರ್ಷದ ಸ್ಮರಣೆಗೆ ಜಗದ್ಗುರು ಹದಿನಾಲ್ಕನೇ ಲಿಯೋ ಸಂದೇಶ ಕಳುಹಿಸಿದರು.

ಜ್ಞಾನಸ್ನಾನ ಒಮ್ಮೆ ಮಾತ್ರ ಎಂಬ ನಮ್ಮ ಬೋಧನೆ ಬದಲಾಗಿಲ್ಲ, ಬದಲಾಗಬೇಕಾಗಿಯೂ ಇಲ್ಲ. ಆದರೆ ಸತ್ಯವನ್ನು ಕಾಪಾಡುವ ಹೆಸರಿನಲ್ಲಿ ನೆರೆಯವನನ್ನು ನೀರಿಗೆ ತಳ್ಳಿದ್ದು ಸುವಾರ್ತೆಗೆ ಮಾಡಿದ ದ್ರೋಹ. ಧರ್ಮೋಪದೇಶ ತರಗತಿಗಳಲ್ಲಿ ನಮ್ಮ ಸಂತರ ಕಥೆ ಹೇಳುವಾಗ, ನಮ್ಮವರ ಕೈಯಿಂದ ಸತ್ತವರ ಕಥೆಯನ್ನೂ ಮಕ್ಕಳಿಗೆ ಹೇಳೋಣ.