ಕೊಪ್ಪರಿಗೆಯಿಂದ ಕಾಕಂಬಿಯ ತೊಟ್ಟಿಯವರೆಗೆ: ಮಂದದ್ರವಗಳನ್ನು ಕಾಯಿಸುವ ವಿದ್ಯೆಯ ಬೆಳವಣಿಗೆ

ಹೇಮಾವತಿಯ ನಾಲೆಗಳು ಹಾಯುವ ಹಾಸನ ಸೀಮೆಯಲ್ಲಿ ಮಂದವಾದ ದ್ರವಗಳನ್ನು ದೊಡ್ಡ ಪಾತ್ರೆಗಳಲ್ಲಿ ಕಾಯಿಸುವ ಕೆಲಸವು ಹಲವು ವೇಷಗಳಲ್ಲಿ ನಡೆಯುತ್ತದೆ. ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಆಲೆಮನೆಗಳಲ್ಲಿ ಕಬ್ಬಿನ ಹಾಲು ಪಾಕವಾಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಸ್ಥಾಪಿತವಾದ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯಂಥಲ್ಲಿ ಕಾಕಂಬಿಯನ್ನು ತೊಟ್ಟಿಯಿಂದ ಹೊರಡಿಸಬೇಕಾಗುತ್ತದೆ. ಹಾಸನದ ಹಾಲು ಒಕ್ಕೂಟದಲ್ಲಿ ಬೆಣ್ಣೆ ತುಪ್ಪವಾಗುತ್ತದೆ. ಅರಕಲಗೂಡಿನ ಕಡೆ ರಸ್ತೆ ರಿಪೇರಿ ನಡೆದಾಗ ಡಾಂಬರಿನ ಪೀಪಾಯಿಗಳ ಕೆಳಗೆ ಉರಿ ಏಳುತ್ತದೆ. ಅದೇ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತಲಿನ ಹೊಗೆಸೊಪ್ಪಿನ ಬ್ಯಾರನ್ನುಗಳು ಸೌದೆಯ ಖರ್ಚಿನಲ್ಲಿ ಇವುಗಳಿಗೆ ಹಿಂದಲ್ಲವಾದರೂ ಅಲ್ಲಿ ಕಾಯುವುದು ಗಾಳಿಯಾದುದರಿಂದ ಆ ಪ್ರಸ್ತಾಪವನ್ನು ಇಲ್ಲಿ ಬಿಟ್ಟಿದ್ದೇನೆ. ಮಿಕ್ಕವುಗಳಲ್ಲೆಲ್ಲ ಎದುರಾಗುವ ತೊಡಕು ಒಂದೇ: ಉರಿ ಎಷ್ಟಾದರೂ ಇರುತ್ತದೆ, ಅದು ದ್ರವದ ಒಡಲನ್ನು ಸೇರುವುದಿಲ್ಲ. ಈ ವಿದ್ಯೆ ಕಳೆದ ಇನ್ನೂರು ವರ್ಷಗಳಲ್ಲಿ ಬೆಳೆದ ಬಗೆಯನ್ನು ನೋಡಿದರೆ, ಉರಿಯನ್ನು ಹೆಚ್ಚಿಸಿದವರಿಗಿಂತ ಪಾತ್ರೆಯ ಗೋಡೆಗೆ ಅಂಟಿ ನಿಲ್ಲುವ ದ್ರವವನ್ನು ಅಲ್ಲಿಂದ ಕದಲಿಸಿದವರೇ ಅದನ್ನು ಮುಂದಕ್ಕೆ ಒಯ್ದವರೆಂದು ನನಗೆ ತೋರುತ್ತದೆ.

ಮೊದಲು ಆಲೆಮನೆಯನ್ನೇ ನೋಡೋಣ. ಗಾಣದಿಂದ ಇಳಿದ ಹಾಲಿನಲ್ಲಿ ನೂರಕ್ಕೆ ಹದಿನೆಂಟು ಪಾಲಿನಷ್ಟು ಸಕ್ಕರೆ ಮೊದಲಾದ ಘನಾಂಶವಿದ್ದರೆ ಉಳಿದುದೆಲ್ಲ ನೀರು. ಆ ನೀರಿನ ಬಹುಭಾಗವನ್ನು ಆವಿಯಾಗಿಸಿದಲ್ಲದೆ ಬೆಲ್ಲವಿಲ್ಲ. ಹಾಸನವು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಶುದ್ಧವಾದ ನೀರು 97 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಕಬ್ಬಿನ ಹಾಲು ಅದಕ್ಕಿಂತ ತುಸು ಮೇಲೆ ಕುದಿಯತೊಡಗಿ, ಮಂದವಾದಂತೆಲ್ಲ ಕುದಿಯುವ ಉಷ್ಣತೆಯೂ ಏರುತ್ತ, ಅಚ್ಚಿಗೆ ಹೊಯ್ಯುವ ಹದಕ್ಕೆ ಬರುವ ಹೊತ್ತಿಗೆ 115 ಡಿಗ್ರಿಯನ್ನು ದಾಟಿರುತ್ತದೆ. ಮೊದಮೊದಲು ಹಾಲು ತನ್ನಷ್ಟಕ್ಕೆ ತಾನೇ ಮಗುಚಿಕೊಳ್ಳುತ್ತದೆ. ತಳದಲ್ಲಿ ಹುಟ್ಟಿದ ಗುಳ್ಳೆಗಳು ಮೇಲೇರುವಾಗ ದ್ರವವನ್ನೂ ಜೊತೆಯಲ್ಲಿ ಎಳೆದೊಯ್ಯುವುದರಿಂದ ಶಾಖ ಸರಾಗವಾಗಿ ಹರಡುತ್ತದೆ. ಸುಣ್ಣದ ತಿಳಿಯನ್ನೂ ಬೆಂಡೆಗಿಡದ ಲೋಳೆಯನ್ನೂ ಹಾಕಿ ಮೇಲೆದ್ದ ಮಡ್ಡಿಯನ್ನು ತೆಗೆಯುವುದು ಈ ಘಟ್ಟದಲ್ಲಿ. ಉಕ್ಕು ಬಂದರೆ ನಾಲ್ಕು ತೊಟ್ಟು ಹರಳೆಣ್ಣೆ ಬಿಟ್ಟರಾಯಿತು. ಕಷ್ಟವೆಲ್ಲ ಕೊನೆಯ ಘಳಿಗೆಯದು. ಆಗ ಗುಳ್ಳೆಗಳು ದೊಡ್ಡವಾಗಿ, ಮೆಲ್ಲಗಾಗಿ, ಒಡೆಯುವಾಗ ಸದ್ದುಮಾಡತೊಡಗುತ್ತವೆ. ಪಾಕವು ತಳದಲ್ಲಿ ನಿಂತ ಕಡೆಯೇ ನಿಂತು ಸೀಯಲು ಸಿದ್ಧವಾಗುತ್ತದೆ. ಪಾಕ ನೋಡುವವನು ಕೊಪ್ಪರಿಗೆಯ ತಳವನ್ನು ಮುಟ್ಟಿ ಬರುವಂತೆ ಹುಟ್ಟನ್ನು ಬಿಡದೆ ಆಡಿಸುತ್ತಾನೆ. ಉರಿ ಹಾಕುವವನಿಗೆ ರಚ್ಚು, ಎಂದರೆ ಹಾಲು ಹಿಂಡಿ ಉಳಿದ ಕಬ್ಬಿನ ಸಿಪ್ಪೆ, ಹಾಕುವುದನ್ನು ನಿಲ್ಲಿಸೆಂದು ಕೂಗುತ್ತಾನೆ. ತಣ್ಣೀರಿಗೆ ಬಿಟ್ಟ ಹನಿ ಬೆರಳುಗಳ ನಡುವೆ ಉಂಡೆ ಕಟ್ಟಿದೊಡನೆ ಕೊಪ್ಪರಿಗೆ ಒಲೆಯಿಂದ ಇಳಿಯುತ್ತದೆ. ಉರಿಯನ್ನು ತಗ್ಗಿಸಿ ಚಲನೆಯನ್ನು ಹೆಚ್ಚಿಸುವ ಈ ಕ್ರಮಕ್ಕೆ ಕಾರಣ ಹೇಳುವ ಗಣಿತವು ಹುಟ್ಟುವುದಕ್ಕೆ ಬಹುಕಾಲ ಮೊದಲೇ ಕ್ರಮವು ರೂಢಿಯಲ್ಲಿತ್ತು.

ಗಣಿತವು ಬಂದುದು ಯೂರೋಪಿನಿಂದ, ಅದೂ ಬಿಡಿಬಿಡಿಯಾಗಿ. 1701ರಲ್ಲಿ ನ್ಯೂಟನ್ನನು ಕಾದ ವಸ್ತು ತಣಿಯುವ ವೇಗವು ಸುತ್ತಲಿಗಿಂತ ಅದರ ಉಷ್ಣತೆ ಎಷ್ಟು ಹೆಚ್ಚಿದೆಯೆಂಬುದನ್ನು ಅನುಸರಿಸುತ್ತದೆಂದು ತಿಳಿಸಿದನು. 1822ರಲ್ಲಿ ಫೂರಿಯೆ ಘನವಸ್ತುವಿನೊಳಗೆ ಶಾಖ ಸಾಗುವ ನಿಯಮವನ್ನು ಗ್ರಂಥರೂಪದಲ್ಲಿ ಸ್ಥಾಪಿಸಿದನು. ಆದರೆ ಗೋಡೆಯಿಂದ ದ್ರವಕ್ಕೆ ಶಾಖ ದಾಟುವ ಎಡೆ ಕತ್ತಲೆಯಾಗಿಯೇ ಉಳಿದಿತ್ತು. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸನು ಗಾಜಿನ ಕೊಳವೆಯಲ್ಲಿ ಹರಿಯುವ ನೀರಿನೊಳಗೆ ಬಣ್ಣದ ಎಳೆಯೊಂದನ್ನು ಬಿಟ್ಟು, ವೇಗವು ಒಂದು ಮಿತಿಯನ್ನು ಮೀರಿದಾಗ ಆ ಎಳೆ ಚೆದರಿ ಸುಳಿಗಳಾಗುವುದನ್ನು ತೋರಿಸಿದಾಗ, ದ್ರವದ ಹರಿವಿನಲ್ಲಿ ಶಾಂತ, ಪ್ರಕ್ಷುಬ್ಧ ಎಂಬ ಎರಡು ಸ್ಥಿತಿಗಳುಂಟೆಂಬುದು ಸ್ಪಷ್ಟವಾಯಿತು. ಸ್ನಿಗ್ಧತೆ ಹೆಚ್ಚಿದಷ್ಟೂ ಎರಡನೆಯದನ್ನು ಮುಟ್ಟುವುದು ದುಸ್ತರ. 1904ರಲ್ಲಿ ಪ್ರಾಂಟ್‌ಲನು ಗೋಡೆಯ ಬಳಿಯ ತೆಳುವಾದ ಪದರದಲ್ಲಿ ದ್ರವವು ಗೋಡೆಗೆ ಅಂಟಿ ನಿಧಾನವಾಗುವುದೆಂದೂ ಘರ್ಷಣೆಯ ಪರಿಣಾಮವೆಲ್ಲ ಆ ಪದರದಲ್ಲಿಯೇ ಅಡಗಿರುವುದೆಂದೂ ಹೇಳಿದನು. 1915ರಲ್ಲಿ ನುಸೆಲ್ಟನು ಈ ಬಗೆಯ ಶಾಖವಿನಿಮಯವನ್ನು ಅಳತೆಯ ಮಾನಗಳಿಲ್ಲದ ಶುದ್ಧ ಸಂಖ್ಯೆಗಳಿಂದ ಹೇಳುವ ಮಾರ್ಗವನ್ನು ತೆರೆದನು.

ನಮ್ಮ ದ್ರವಗಳಿಗೆ ಇದರ ಅರ್ಥವೇನೆಂದರೆ, ತಾಮ್ರಕ್ಕೆ ಶಾಖವನ್ನು ಸಾಗಿಸುವ ಶಕ್ತಿ 400ರ ಸಮೀಪವಾದರೆ, ಅದೇ ಮಾನದಲ್ಲಿ ನೀರಿಗೆ 0.6, ಎಣ್ಣೆಗೆ 0.15ರಷ್ಟು ಮಾತ್ರ. ಆದುದರಿಂದ ಪಾತ್ರೆಯ ಲೋಹವು ತೆಳ್ಳಗಿದೆಯೋ ದಪ್ಪಗಿದೆಯೋ ಎಂಬುದು ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಗೋಡೆಗೆ ಅಂಟಿದ ಒಂದೆರಡು ಮಿಲಿಮೀಟರಿನ ನಿಶ್ಚಲ ದ್ರವವೇ ಕಂಬಳಿಯಂತೆ ಶಾಖವನ್ನು ತಡೆದು ನಿಲ್ಲಿಸುತ್ತದೆ.

ಸಕ್ಕರೆಯ ಉದ್ಯಮವು ಶಾಸ್ತ್ರಕ್ಕಾಗಿ ಕಾಯುತ್ತ ಕೂರಲಿಲ್ಲ. ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೋವರ್ಡನು 1813ರ ವೇಳೆಗೆ ಮುಚ್ಚಿದ ಪಾತ್ರೆಯಿಂದ ಗಾಳಿಯನ್ನು ಹೊರಗೆಳೆದು, ಒತ್ತಡ ಕುಗ್ಗಿದಾಗ ಪಾಕವು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುವಂತೆ ಮಾಡಿದನು. ನೇರವಾದ ಉರಿಯ ಬದಲು ಉಗಿಯನ್ನು ಬಳಸಿದುದರಿಂದ ಸೀಯುವ ಭಯವೂ ತಗ್ಗಿತು. ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದ, ಕಪ್ಪುವರ್ಣದ ವಂಶಕ್ಕೆ ಸೇರಿದ ನೋರ್ಬರ್ಟ್ ರಿಲ್ಯೂ 1843ರಲ್ಲಿ, ಒಂದು ಪಾತ್ರೆಯಿಂದ ಎದ್ದ ಆವಿಯೇ ಮುಂದಿನ ಪಾತ್ರೆಯನ್ನು ಕಾಯಿಸುವಂತಹ ಸರಣಿಯ ಮೇಲೆ ಹಕ್ಕುಪತ್ರವನ್ನು ಪಡೆದನು. ಒಂದು ಕಿಲೋಗ್ರಾಂ ಉಗಿ ನೀರಾಗುವಾಗ ಬಿಟ್ಟುಕೊಡುವ ಶಾಖ 2,257 ಕಿಲೋಜೂಲ್. ಅದನ್ನು ಒಮ್ಮೆ ಬಳಸಿ ಆಕಾಶಕ್ಕೆ ಬಿಡುವುದು ಎಂಥ ದುಂದು ಎಂಬುದನ್ನು ರಿಲ್ಯೂ ಕಂಡನು, ನಮ್ಮ ಆಲೆಮನೆ ಇಂದಿಗೂ ಕಂಡಿಲ್ಲ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಪ್ರಾರಂಭವಾದಾಗ ಈ ಬಗೆಯ ಯಂತ್ರವಿದ್ಯೆ ನಮ್ಮ ಮಗ್ಗುಲಿಗೇ ಬಂದಿತು; ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದು ಹೇಮಾವತಿಯ ನೀರು ಹೊಲಗಳಿಗೆ ಹರಿದ ಮೇಲೆ ಚನ್ನರಾಯಪಟ್ಟಣದ ಕಡೆಗೂ ಅದಕ್ಕೆ ನೆಲೆ ದೊರೆಯಿತು.

ಆದರೆ ಕಾರ್ಖಾನೆಯ ಕೊನೆಯ ತುದಿಯಲ್ಲಿ ಕಾಕಂಬಿಯಿದೆ. ಸಕ್ಕರೆಯ ಹರಳುಗಳನ್ನು ಬೇರ್ಪಡಿಸಿ ಉಳಿದ ಈ ಕಪ್ಪು ದ್ರವವು ನೀರಿನ 1.4 ಪಟ್ಟು ತೂಕದ್ದು. ತಣ್ಣಗಿರುವಾಗ ಅದರ ಸ್ನಿಗ್ಧತೆ ನೀರಿನದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಹತ್ತು ಡಿಗ್ರಿ ಬಿಸಿಯೇರಿದರೆ ಸರಿಸುಮಾರು ಅರ್ಧಕ್ಕೆ ಇಳಿಯುವುದರಿಂದ ಪಂಪಿನ ಕೆಲಸಕ್ಕೆ ಕಾಯಿಸುವುದು ಅನಿವಾರ್ಯ. ಕಾಯಿಸುವುದರಲ್ಲಿಯೇ ಅಪಾಯ. ತೊಟ್ಟಿಯ ತಳದಲ್ಲಿ ಉಗಿಯ ಸುರುಳಿಯನ್ನು ಹಾಸಿ ಜೋರಾಗಿ ಉಗಿ ಬಿಟ್ಟರೆ, ಸುರುಳಿಗೆ ತಾಗಿದ ಕಾಕಂಬಿ ಅಲ್ಲಿಯೇ ಕರಿಕಾಗಿ, ಮುಂದಿನ ಶಾಖಕ್ಕೂ ಅಡ್ಡವಾಗಿ ಕೂರುತ್ತದೆ. ಉಗಿಯನ್ನು ನೇರವಾಗಿ ದ್ರವದೊಳಗೇ ಬಿಟ್ಟರೆ ಅದು ನೀರಾಗಿ ಬೆರೆತು, ತೆಳುವಾದ ಭಾಗದಲ್ಲಿ ಹುಳಿಯುವಿಕೆ ಮೊದಲಾಗುತ್ತದೆ. ದಾಸ್ತಾನು ಮಾಡಿದ ಕಾಕಂಬಿಯನ್ನು 40–45 ಡಿಗ್ರಿಗಿಂತ ಮೇಲೆ ಇಡಬಾರದೆಂಬ ನಿಯಮ ಬಂದುದು, ಬಿಸಿಯಾದ ಕಾಕಂಬಿಯಲ್ಲಿ ಸಕ್ಕರೆಗೂ ಸಾರಜನಕದ ಸಂಯುಕ್ತಗಳಿಗೂ ಪ್ರತಿಕ್ರಿಯೆ ನಡೆದು ಅದು ತಾನೇ ಶಾಖವನ್ನು ಹುಟ್ಟಿಸಿ ಇನ್ನಷ್ಟು ಬಿಸಿಯೇರಬಲ್ಲುದಾದ ಕಾರಣದಿಂದ. 1919ರ ಜನವರಿ 15ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಕಾಕಂಬಿಯ ತೊಟ್ಟಿಯೊಂದು ಒಡೆದು 21 ಮಂದಿ ಸತ್ತರು. ಅದಕ್ಕೆ ಮುಖ್ಯ ಕಾರಣ ತೊಟ್ಟಿಯ ದುರ್ಬಲತೆಯೇ ಹೊರತು ಕಾಯಿಸುವಿಕೆಯಲ್ಲವಾದರೂ, ಈ ದ್ರವವನ್ನು ಸಾಧುವೆಂದು ನಂಬಬಾರದೆಂಬುದಕ್ಕೆ ಅದೊಂದು ನಿದರ್ಶನ.

ಇಷ್ಟೆಲ್ಲ ಕಟ್ಟುಪಾಡುಗಳ ನಡುವೆ ಯಂತ್ರಶಿಲ್ಪಿಗಳು ಕಂಡುಕೊಂಡ ಜಾಣತನದ ಉಪಾಯವೆಂದರೆ ಇಡೀ ತೊಟ್ಟಿಯನ್ನು ಕಾಯಿಸದಿರುವುದು. ದ್ರವ ಹೊರಬರುವ ಬಾಯಿಯ ಬಳಿ, ತೊಟ್ಟಿಯೊಳಕ್ಕೆ ಚಾಚಿಕೊಂಡಂತೆ, ಕೊಳವೆಗಳ ಕಟ್ಟೊಂದನ್ನು ಜೋಡಿಸಿದರೆ, ಪಂಪು ಎಳೆದುಕೊಳ್ಳುವಷ್ಟು ದ್ರವ ಮಾತ್ರ ಅದರ ಮೂಲಕ ಹಾದು ಬಿಸಿಯಾಗುತ್ತದೆ. ಉಳಿದ ರಾಶಿ ತಣ್ಣಗೇ ಇರುತ್ತದೆ. ಹರಿಯುವ ದ್ರವವಾದುದರಿಂದ ಗೋಡೆಗೆ ಅಂಟಿದ ಪದರವೂ ತೆಳುವಾಗುತ್ತದೆ. ಉಗಿಯ ಬದಲು ಬಿಸಿನೀರನ್ನು ಬಿಟ್ಟರೆ ಕರಿಕಾಗುವ ಭಯವೂ ಇಲ್ಲ. ಗೋಡೆಗೂ ದ್ರವಕ್ಕೂ ಉಷ್ಣತೆಯ ಅಂತರ ಕಡಿಮೆಯಾದ ನಷ್ಟವನ್ನು ಕೊಳವೆಯ ಮೇಲ್ಮೈಯನ್ನು ಹೆಚ್ಚಿಸಿ ತುಂಬಿಕೊಳ್ಳಬೇಕು. ಈ ಉಪಾಯಕ್ಕೆ ನನ್ನ ಮನಸ್ಸು ಒಲಿದಿರುವುದನ್ನು ಮರೆಮಾಚುವುದಿಲ್ಲ.

ಇಡೀ ಪಾತ್ರೆಯನ್ನೇ ಕಾಯಿಸಬೇಕಾದ ಕಡೆಗಳಲ್ಲಿ ಕಲಕುವುದೊಂದೇ ದಾರಿ. ಗೋಡೆಯ ಬಳಿ ದ್ರವ ಬಿಸಿಯಾಗಿ ತೆಳುವಾಗುವುದರಿಂದ ಆಗುವ ಅನುಕೂಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸೂತ್ರವನ್ನು 1936ರಲ್ಲಿ ಸೀಡರ್ ಮತ್ತು ಟೇಟ್ ಕೊಳವೆಗಳಿಗಾಗಿ ರಚಿಸಿದರು. 1944ರಲ್ಲಿ ಚಿಲ್ಟನ್, ಡ್ರೂ, ಜೆಬೆನ್ಸ್ ಎಂಬ ಮೂವರು ಅದನ್ನು ಕಲಕುವ ಪಾತ್ರೆಗಳಿಗೆ ಅನ್ವಯಿಸಿ, ಉಗಿಯ ಕವಚವುಳ್ಳ ಪಾತ್ರೆಯಲ್ಲಿ ಶಾಖ ದಾಟುವ ಪ್ರಮಾಣವು ಕಲಕುವ ವೇಗದ ಮೂರನೆಯ ಎರಡು ಘಾತದಂತೆ ಏರುವುದೆಂದು ಪ್ರಯೋಗದಿಂದ ತೋರಿಸಿದರು. ಅಂದರೆ ವೇಗವನ್ನು ಇಮ್ಮಡಿಸಿದರೆ ಶಾಖ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ಪ್ರಕ್ಷುಬ್ಧವಾದ ಹರಿವಿನಲ್ಲಿ ಮೋಟಾರು ನುಂಗುವ ಶಕ್ತಿ ಮಾತ್ರ ಎಂಟು ಪಟ್ಟಾಗುತ್ತದೆ. ಬರಿಯ ವೇಗವನ್ನು ನೆಚ್ಚಿದವನು ಸೋಲುವುದು ಇಲ್ಲಿಯೇ. ಅತಿ ಮಂದವಾದ ದ್ರವದಲ್ಲಿ ನಡುವೆ ಪುಟ್ಟ ರೆಕ್ಕೆಯೊಂದು ಎಷ್ಟು ರಭಸದಿಂದ ತಿರುಗಿದರೂ ಅದರ ಸುತ್ತಲಿನ ದ್ರವವಷ್ಟೇ ತಿರುಗಿ, ಗೋಡೆಯ ಬಳಿಯದು ಅಲುಗುವುದೇ ಇಲ್ಲ. ಆದುದರಿಂದ ಗೋಡೆಯನ್ನು ಸವರುವಷ್ಟು ಅಗಲವಾದ ಲಂಗರಿನಾಕಾರದ ಕಲಕುಗಗಳೂ, ದ್ರವವನ್ನು ಕೆಳಗಿನಿಂದ ಮೇಲಕ್ಕೆ ಎತ್ತುವ ಸುರುಳಿಪಟ್ಟಿಯ ಕಲಕುಗಗಳೂ ಮೆಲ್ಲಮೆಲ್ಲನೆ ತಿರುಗುತ್ತ ಈ ಕೆಲಸವನ್ನು ವಹಿಸಿಕೊಂಡವು. ಇದರ ತುತ್ತತುದಿಯೆಂದರೆ ಗೋಡೆಯನ್ನೇ ಕೆರೆಯುವುದು. 1920ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ವೋಗ್ಟನು ಐಸ್‌ಕ್ರೀಮಿಗಾಗಿ ರೂಪಿಸಿದ ಯಂತ್ರದಲ್ಲಿ ತಿರುಗುವ ಅಲಗುಗಳು ಗೋಡೆಗೆ ಅಂಟಿದ ಪದರವನ್ನು ಕ್ಷಣಕ್ಷಣಕ್ಕೂ ಕಿತ್ತು ಒಡಲಿಗೆ ಬೆರೆಸುತ್ತಿದ್ದುವು. ಅಲ್ಲಿ ತಣಿಸಲು ಬಳಸಿದುದು ಕಾಯಿಸಲೂ ಒದಗಿತು. ಕರ್ನಾಲಿನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯವರು ಇದೇ ತತ್ತ್ವದ ಮೇಲೆ ತುಪ್ಪ, ಖೋವಾಗಳನ್ನು ಎಡೆಬಿಡದೆ ತಯಾರಿಸುವ ಯಂತ್ರಗಳನ್ನು ರೂಪಿಸಿದರು. ಆಲೆಮನೆಯ ಹುಟ್ಟು ಮಾಡುತ್ತಿದ್ದುದೂ ಇದನ್ನೇ.

ಮೇಲ್ಮೈಗೆ ರೆಕ್ಕೆಗಳನ್ನು ಬೆಸೆದು ಶಾಖದ ದಾರಿಯನ್ನು ಅಗಲಿಸುವುದು ಮತ್ತೊಂದು ಮಾರ್ಗ. 1922ರಲ್ಲಿ ಹಾರ್ಪರ್ ಮತ್ತು ಬ್ರೌನ್ ವಿಮಾನದ ಎಂಜಿನ್ನುಗಳಿಗಾಗಿ ಇದರ ಗಣಿತವನ್ನು ಬರೆದರು. ಇಲ್ಲಿ ಅನೇಕರು ಎಡವುವ ಸಂಗತಿಯೊಂದುಂಟು: ಗೋಡೆಯ ಎರಡು ಮಗ್ಗುಲುಗಳಲ್ಲಿ ಯಾವ ಕಡೆ ಶಾಖಕ್ಕೆ ತಡೆ ಹೆಚ್ಚೋ ಆ ಕಡೆಯೇ ರೆಕ್ಕೆ ಇರಬೇಕು. ಕಾಕಂಬಿಯ ತೊಟ್ಟಿಯಲ್ಲಿ ಕೊಳವೆಯೊಳಗಿನ ಉಗಿ ಧಾರಾಳವಾಗಿ ಶಾಖ ಕೊಡುವುದರಿಂದ ರೆಕ್ಕೆ ಹೊರಗೆ, ಕಾಕಂಬಿಯ ಕಡೆಗಿರತಕ್ಕದ್ದು. ಅವು ಒತ್ತೊತ್ತಾಗಿದ್ದರೆ ನಡುವೆ ದ್ರವ ಸಿಕ್ಕಿಕೊಂಡು ರೆಕ್ಕೆಯೂ ವ್ಯರ್ಥವಾಗುವುದರಿಂದ ವಿರಳವಾಗಿರತಕ್ಕದ್ದು. ಆಲೆಮನೆಯಲ್ಲಿಯಾದರೋ ಹಾಲು ಕುದಿಯುತ್ತಿರುವಾಗ ಅದರ ಕಡೆ ತಡೆ ಅಲ್ಪ. ಒಲೆಯ ಬಿಸಿಹೊಗೆಯಿಂದ ಕೊಪ್ಪರಿಗೆಯ ತಳಕ್ಕೆ ಶಾಖ ಬರುವುದೇ ಕಷ್ಟ. ಲಖನೌದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆಯ ಎಸ್. ಐ. ಅನ್ವರ್ ಅವರು ಕೊಪ್ಪರಿಗೆಯ ತಳಕ್ಕೆ ಸಮಾನಾಂತರ ರೆಕ್ಕೆಗಳನ್ನು ಬೆಸೆದು ಪರೀಕ್ಷಿಸಿ, 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಂಧನದ ಉಳಿತಾಯ ಶೇಕಡ 31ಕ್ಕೂ ಮೇಲೆ ಎಂದು ತಿಳಿಸಿದರು.

ಡಾಂಬರಿನ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಅದನ್ನು 150 ಡಿಗ್ರಿಯ ಸುತ್ತಮುತ್ತ ಇಡಬೇಕಾಗುವುದರಿಂದ ಸಾಧಾರಣ ಒತ್ತಡದ ಉಗಿ ಸಾಲದೆ, ಕಾದ ಖನಿಜತೈಲವನ್ನೇ ಸುರುಳಿಗಳಲ್ಲಿ ಹರಿಸುವ ಪದ್ಧತಿ ಬಂದಿದೆ. ದಾರಿಬದಿಯ ಪೀಪಾಯಿಗೆ ನೇರ ಉರಿಯೇ ಗತಿ, ಹೊಗೆಯೂ ಬೆಂಕಿಯ ಭಯವೂ ಅದರೊಡನೆಯೇ. ಕೊಬ್ಬರಿ ಎಣ್ಣೆಗೆ ಇಷ್ಟು ಪಾಡಿಲ್ಲ. 24 ಡಿಗ್ರಿಗೆ ಹೆಪ್ಪುಗಟ್ಟುವ ಅದು ಚನ್ನರಾಯಪಟ್ಟಣದ ಪುಷ್ಯಮಾಸದ ಬೆಳಗಿನಲ್ಲಿ ತೊಟ್ಟಿಯೊಳಗೆ ಗಟ್ಟಿಯಾದರೂ, ತುಸು ಬಿಸಿನೀರಿಗೆ ಕರಗಿ ದಾರಿಗೆ ಬರುತ್ತದೆ.

ರೆಕ್ಕೆಯ ಕೊಪ್ಪರಿಗೆ ನಮ್ಮ ಸೀಮೆಯಲ್ಲಿ ಮನೆಮಾತಾಗದಿರುವುದಕ್ಕೆ ಕಾರಣವನ್ನು ಶಾಸ್ತ್ರದಲ್ಲಿ ಹುಡುಕಬೇಕಾಗಿಲ್ಲ. ನೂರು ಕಿಲೋ ಹಾಲನ್ನು ಬೆಲ್ಲವಾಗಿಸಲು ಲೆಕ್ಕದ ಮೇಲೆ ಬೇಕಾಗುವುದು ಹದಿನೈದು ಕಿಲೋದಷ್ಟು ಒಣಗಿದ ರಚ್ಚು. ಅಷ್ಟು ಹಾಲು ಕೊಟ್ಟ ಕಬ್ಬಿನಿಂದಲೇ ಅದರ ಎರಡರಷ್ಟಕ್ಕೂ ಮಿಗಿಲಾದ ರಚ್ಚು ಉಳಿಯುತ್ತದೆ. ರಚ್ಚು ಪುಕ್ಕಟೆಯಾಗಿ ಅಂಗಳದಲ್ಲಿ ಬಿದ್ದಿರುವಷ್ಟು ದಿನ ಅದನ್ನು ಉಳಿಸಲು ಯಾರೂ ವೆಲ್ಡಿಂಗ್‌ನವನಿಗೆ ದುಡ್ಡು ಕೊಡಲಾರರು. ಮಳೆಗೆ ಸಿಕ್ಕಿ ರಚ್ಚು ಒಣಗದ ದಿನ ಮಾತ್ರ ಸೌದೆಗೂ, ಕೆಲವೆಡೆ ಹಳೆಯ ಟೈರಿಗೂ ಕೈಹಾಕುವುದುಂಟು, ಅದರ ಕಪ್ಪುಹೊಗೆ ಊರಿನವರ ಪಾಲಾಗುವುದುಂಟು. ಕಾಗದದ ಕಾರ್ಖಾನೆಗಳೂ ಉಗಿಯ ಬಾಯ್ಲರುಗಳವರೂ ರಚ್ಚಿಗೆ ಬೆಲೆ ಕೊಡುವ ಕಡೆಗಳಲ್ಲಿ ಆಲೆಮನೆಯವರು ಎರಡು ಕೊಪ್ಪರಿಗೆಯ ಒಲೆಗಳನ್ನು ಕಟ್ಟಿ, ಮೊದಲನೆಯದರಿಂದ ತಪ್ಪಿಸಿಕೊಂಡ ಹೊಗೆಯಿಂದ ಎರಡನೆಯದರ ಹಸಿ ಹಾಲನ್ನು ಕಾಯಿಸತೊಡಗಿದ್ದಾರೆ; ಉಗಿಯ ಕವಚವುಳ್ಳ ಸ್ಟೀಲಿನ ಪಾತ್ರೆಗಳಲ್ಲಿ ಬೆಲ್ಲ ಮಾಡುವ ಘಟಕಗಳೂ ಅಲ್ಲಲ್ಲಿ ತಲೆಯೆತ್ತಿವೆ. ಅಂಥ ಪಾತ್ರೆಯಲ್ಲಿ ತಳ ಸೀಯುವುದು ಅಪರೂಪ. ಬಾಯ್ಲರಿನ ಪರವಾನಗಿ, ನೀರಿನ ಸಂಸ್ಕಾರ, ಕಂತಿನ ಸಾಲ ಇವುಗಳನ್ನು ಹೊರಬಲ್ಲ ರೈತ ಇನ್ನೂ ಅಪರೂಪ.