ಹ್ಯಾಕಥಾನ್ ಹುಟ್ಟಿದ್ದು ಹಂಚುವುದಕ್ಕಾಗಿ



ಹ್ಯಾಕಥಾನ್ ಅಂದರೆ ಏನೆಂದು ಈಗ ಕಾಲೇಜಿಗೆ ಹೋಗುವವರಿಗೆಲ್ಲ ಗೊತ್ತು. ಒಂದೆರಡು ದಿನ ಗುಂಪಾಗಿ ಕುಳಿತು ಪ್ರೋಗ್ರಾಂ ಬರೆಯುವುದು, ಕೊನೆಗೆ ಬಹುಮಾನ, ಸರ್ಟಿಫಿಕೇಟ್, ಒಂದು ಫೋಟೋ. ಮರುವಾರ ಆ ಪ್ರಾಜೆಕ್ಟ್ ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿಲ್ಲ. ಆದರೆ ಈ ಕೂಟದ ಇತಿಹಾಸವೇ ಬೇರೆ.

1999ರ ಜೂನ್ 4ರಂದು ಕೆನಡಾದ ಕ್ಯಾಲ್ಗರಿಯಲ್ಲಿ ಹತ್ತು ಮಂದಿ ಡೆವಲಪರ್‌ಗಳು ಸೇರಿದರು. ಅವರೆಲ್ಲ ಓಪನ್‌ಬಿಎಸ್‌ಡಿ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್‌ಗೆ ದುಡಿಯುತ್ತಿದ್ದವರು. ಸಂದೇಶವನ್ನು ಮೂರನೆಯವರು ಓದದಂತೆ ಕಾಪಾಡುವ ಎನ್‌ಕ್ರಿಪ್ಶನ್ ಅವರ ಕೆಲಸದ ಮುಖ್ಯ ಭಾಗ. ಅಂಥ ತಂತ್ರಾಂಶ ದೇಶದಿಂದ ಹೊರಗೆ ಹೋಗದಂತೆ ಆಗ ಅಮೆರಿಕ ಸರಕಾರ ಬಿಗಿಯಾದ ರಫ್ತು ನಿಯಮಗಳನ್ನು ಇಟ್ಟಿತ್ತು. ಕೆನಡಾದಲ್ಲಿ ಕುಳಿತು ಬರೆದರೆ ಆ ತೊಡಕಿಲ್ಲ. ಅಂದರೆ ಬರೆದದ್ದನ್ನು ಎಲ್ಲರಿಗೂ ಹಂಚಲು ಸಾಧ್ಯವಾಗಲಿ ಎಂದೇ ಅವರು ಅಲ್ಲಿ ಸೇರಿದ್ದು. ಹ್ಯಾಕಥಾನ್ ಎಂಬ ಹೆಸರು ಬಳಕೆಗೆ ಬಂದದ್ದು ಹೀಗೆ.

ಹಂಚುವುದರ ಜೊತೆಗೆ ಬರೆದಿಡುವ ಶಿಸ್ತೂ ಅವರಲ್ಲಿತ್ತು. ಥಿಯೋ ಡಿ ರಾಟ್ 1995ರಲ್ಲಿ ಈ ಯೋಜನೆ ಆರಂಭಿಸಿದಾಗಲೇ ಕೋಡ್ ಮತ್ತು ಅದರ ಬದಲಾವಣೆಗಳ ಪೂರ್ತಿ ದಾಖಲೆಯನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಡಲಾಯಿತು. ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದು ಅದರಲ್ಲಿರುತ್ತದೆ. ಕೈಪಿಡಿಯಲ್ಲಿ ತಪ್ಪಿದ್ದರೆ ಅದನ್ನೂ ಅವರು ಬಗ್ ಎಂದೇ ಎಣಿಸುತ್ತಾರೆ.

ಇದರ ಬೆಲೆ ಅದೇ ವರ್ಷ ಕಂಡುಬಂತು. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಅನ್ನು 1995ರಲ್ಲಿ ಬರೆದವರು ಫಿನ್ಲೆಂಡಿನ ತಾತು ಯುಲೋನೆನ್. ಬರಬರುತ್ತಾ ಅದರ ಲೈಸೆನ್ಸ್ ಬಿಗಿಯಾಯಿತು. ಆದರೆ 1.2.12 ಎಂಬ ಹಳೆಯ ಆವೃತ್ತಿಯ ಲೈಸೆನ್ಸ್ ಮುಕ್ತವಾಗಿತ್ತು, ಕೋಡೂ ಉಳಿದಿತ್ತು. ಸ್ವೀಡನ್ನಿನ ಬ್ಯೋರ್ನ್ ಗ್ರೋನ್‌ವಾಲ್ ಅದನ್ನು ಎತ್ತಿಕೊಂಡು ದುರಸ್ತಿ ಮಾಡಿದರು. ಅವರ ಕೆಲಸದ ಮೇಲೆ ಓಪನ್‌ಬಿಎಸ್‌ಡಿಯವರು ಕಟ್ಟಿದ ಓಪನ್‌ಎಸ್‌ಎಸ್‌ಎಚ್ 1999ರ ಡಿಸೆಂಬರ್‌ನಲ್ಲಿ ಹೊರಬಂತು. ಇಂದು ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಅದಿದೆ. ಲೈಸೆನ್ಸಿನ ಆ ಕೆಲವು ಸಾಲುಗಳು ಇಲ್ಲದಿದ್ದರೆ ಹಳೆಯ ಕೋಡ್ ಕಣ್ಣೆದುರು ಇದ್ದರೂ ಮುಟ್ಟುವಂತಿರಲಿಲ್ಲ.

ನಮ್ಮಲ್ಲಿ ಬಿಎಸ್‌ಸಿ, ಬಿಸಿಎ, ಇಂಜಿನಿಯರಿಂಗ್ ಓದುವವರು ಅನೇಕರಿದ್ದೀರಿ. ಮುಂದಿನ ಹ್ಯಾಕಥಾನ್ ಮುಗಿದ ಮೇಲೆ ಮನೆಗೆ ಹೊರಡುವ ಮುಂಚೆ ಒಂದು ಗಂಟೆ ಕೊಡಿ. ಇದು ಯಾವ ಕಷ್ಟಕ್ಕೆ ಪರಿಹಾರ, ಹೇಗೆ ನಡೆಸಬೇಕು, ಎಲ್ಲಿ ಅರ್ಧಕ್ಕೆ ನಿಂತಿದೆ ಎಂದು ರೀಡ್‌ಮಿಯಲ್ಲಿ ಬರೆಯಿರಿ. ಒಂದು ಮುಕ್ತ ಲೈಸೆನ್ಸ್ ಸೇರಿಸಿ. ಎಲ್ಲರಿಗೂ ಸಿಗುವ ಕಡೆ ಹಾಕಿ. ಗಡಿಯೂರಿನ ನಮ್ಮ ತಮ್ಮ ತಂಗಿಯರಿಗಾಗಿ ಅದೇ ವಿವರಣೆಯನ್ನು ಕನ್ನಡದಲ್ಲೂ ಕೊಟ್ಟರೆ ಇನ್ನೂ ಒಳ್ಳೆಯದು. ನೀವು ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸುವವರು ಯಾವ ಊರಲ್ಲಿದ್ದಾರೋ ಯಾರಿಗೆ ಗೊತ್ತು!